ಪಾಯಿಂಟ್ ಮೂರು ಓಮ್

ಫೆಬ್ರವರಿ ೧೦, ಗುರುವಾರ

ಈ ಪುಸ್ತಕದ ಬಲಗಡೆಯ ಪುಟಗಳು ಗಿರಾಕಿಗಳವು. ಹೆಸರು, ಯಾವ ತಂತಿ, ಎಷ್ಟು ಸುತ್ತು, ಎಷ್ಟು ಓಮ್. ಎಡಗಡೆ ಖಾಲಿ ಬಿಡುತ್ತಿದ್ದೆ. ಇವತ್ತಿನಿಂದ ಅದು ನನ್ನದು, ತಾಲಾಳ ಅಪ್ಪ ಅಬೂ ತಾಲಾ ಎಂದು ಊರು ಕರೆಯುವ ಹಿಕ್ಮತನದು. ಇದು ಮೈಸೂನಳ ತೀರ್ಮಾನ. "ಮನೆಗೆ ಬಂದು ನನ್ನ ತಲೆ ತಿನ್ಬೇಡಿ. ಗಿರಾಕಿಗಳನ್ನ ಬೈಯೋದಿದ್ರೆ ಅಂಗಡೀಲೇ ಕೂತು ಬರ್ದು ಬೈಯಿರಿ" ಎಂದಳು. ಇಪ್ಪತ್ತಾರು ವರ್ಷ ನನ್ನ ಜೊತೆ ಸಂಸಾರ ಮಾಡಿದವಳು, ಅವಳ ಮಾತು ತೆಗೆದುಹಾಕುವಂತಿಲ್ಲ.

ಬೆಳಿಗ್ಗೆ ವಿಶ್ವವಿದ್ಯಾಲಯದ ಹುಡುಗನೊಬ್ಬ ಬಂದ. ಅವನಿಗೆ ಬಾಯಿಂದ ಮೋಡದಷ್ಟು ಹೊಗೆ ಬರಬೇಕಂತೆ, ಅದಕ್ಕೆ ವೇಪಿನ, ಅಂದರೆ ಬ್ಯಾಟರಿ ಸಿಗರೇಟಿನ, ರಸ ಕಾಯಿಸಿ ಹೊಗೆಯಾಗಿಸುವ ತಂತಿಯ ಕಾಯಿಲು ಸುಮಾರು ಸೊನ್ನೆ ಓಮ್ ಹತ್ತಿರ ಇರಲಿ ಎಂದ. ಸುಮಾರು ಎಂಬ ಮಾತು ನನ್ನ ಅಂಗಡಿಯಲ್ಲಿ ನಡೆಯುವುದಿಲ್ಲ ಎಂದೆ. ಓಮಿನಲ್ಲಿ ಅಳೆಯುವ ಕಾಯಿಲಿನ ರೋಧ ಕಡಿಮೆಯಾದಷ್ಟೂ ಬ್ಯಾಟರಿಯಿಂದ ಕರೆಂಟು ಹೆಚ್ಚು ನುಗ್ಗುತ್ತದೆ. ೦.೨ ಓಮ್‌ವರೆಗೆ ಈ ಬ್ಯಾಟರಿಗಳು ತಡೆದುಕೊಳ್ಳುತ್ತವೆ. ಅದಕ್ಕಿಂತ ಕೆಳಗೆ ಹೋದರೆ ಬಾಯಲ್ಲಿ ಪಟಾಕಿ ಕಚ್ಚಿಕೊಂಡ ಹಾಗೆ. ಇಪ್ಪತ್ತು ವರ್ಷ ರೇಡಿಯೋ, ಟೀವಿ ರಿಪೇರಿ ಮಾಡಿದವನು ನಾನು. ಅಳೆಯದೆ ಒಂದು ತಿರುಪನ್ನೂ ಮುಟ್ಟಿದವನಲ್ಲ. ಹುಡುಗ ಮುಖ ಊದಿಸಿಕೊಂಡು ಎದುರಿನ ಅಂಗಡಿಗೆ ಹೋದ.

ಮಧ್ಯಾಹ್ನ ಫವ್ವಾಜ್ ಬಂದ. ಒಂದನೇ ಕ್ಲಾಸಿನಿಂದ ನನ್ನ ಜೊತೆ ಓದಿದವನು, ಈಗ ಅಜ್ಲೂನ್ ಊರಿಗೆ ಹೋಗುವ ಮಿನಿಬಸ್ಸಿನ ಡ್ರೈವರು. ಸೀಟಿನಿಂದ ಇಳಿಯದೆ "ಅಜ್ಲೂನ್ ಅಜ್ಲೂನ್ ಅಜ್ಲೂನ್" ಎಂದು ಕೂಗಿದರೆ ನಿಲ್ದಾಣದಾಚೆ ನನ್ನ ಅಂಗಡಿಯವರೆಗೆ ಕೇಳಿಸುತ್ತದೆ. ಎದೆಯಲ್ಲಿ ಎರಡು ಸ್ಟೆಂಟು ಹಾಕಿಸಿಕೊಂಡ ಮೇಲೂ ದಿನಕ್ಕೆ ಮೂರು ಪ್ಯಾಕು ಸಿಗರೇಟು ಎಳೆಯುತ್ತಿದ್ದ ಪ್ರಾಣಿ. ನಾನೇ ಗದರಿಸಿ ವೇಪಿಗೆ ಹಚ್ಚಿದೆ. ಇವತ್ತಿಗೆ ನಲವತ್ತೊಂದು ದಿನ, ಒಂದೂ ಸಿಗರೇಟು ಮುಟ್ಟಿಲ್ಲ.

ಅವನ ವೇಪು ಬರೀ ಹಿತ್ತಾಳೆಯ ಕೊಳವೆ. ತಪ್ಪಾದರೆ ತಡೆಯುವ ಎಲೆಕ್ಟ್ರಾನಿಕ್ ಚಿಪ್ಪು ಅದರಲ್ಲಿಲ್ಲ. ಗುಂಡಿ ಒತ್ತಿದರೆ ಬ್ಯಾಟರಿಯೂ ಕಾಯಿಲೂ ಮುಖಾಮುಖಿ. ಚಿಪ್ಪಿರುವುದು ತಗೋ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಅವನ ಬಸ್ಸಿನಲ್ಲೂ ಎಲೆಕ್ಟ್ರಾನಿಕ್ ಸಾಮಾನು ಯಾವುದೂ ಅವನಿಗೆ ಆಗುವುದಿಲ್ಲ.

ಹೊಸ ಉರುಳೆಯ ತಂತಿ ಬಿಚ್ಚಿ ಜೋಡಿ ಕಾಯಿಲು ಸುತ್ತಿದೆ. ಬೆರಳಿಗೆ ಒಂದು ಕೂದಲು ದಪ್ಪ ಅನಿಸಿತು.

"ಒಂದು ಕಾಯಿಲ್ ಸುತ್ತೋಕೆ ಹೆರಿಗೆ ಮಾಡ್ಸಿದ ಹಾಗೆ ಮಾಡ್ತೀಯಲ್ಲೋ ಅಬೂ ತಾಲಾ! ಬಸ್ಸಲ್ಲಿ ಹದಿನೈದು ಜನ ಕೂತು ನಿನ್ನ ಹೆತ್ತೋರನ್ನ ನೆನೀತಾ ಇದಾರೆ."

"ನೆನೀಲಿ ಬಿಡು. ನನ್ನ ಮೀಟರಿನ ವಯರು ಎಲ್ಲೋ? ಸೋಮವಾರ ತಗೊಂಡು ಹೋದೋನು!"

"ನಾಳೆ."

"ಸೋಮವಾರಾನೂ ನಾಳೆ ಅಂದೆ."

"ಸೋಮವಾರದ ನಾಳೆ ಬೇರೆ, ಇದು ಬೇರೆ ಕಣೋ."

ಬಸ್ಸಿನ ಬ್ಯಾಟರಿ ಪರೀಕ್ಷೆಗೆಂದು ನನ್ನ ಮೀಟರಿನ ಕೆಂಪು-ಕಪ್ಪು ವಯರಿನ ಜೋಡಿ ಕೊಂಡುಹೋದವನು ಅವನೇ. ಅವನದನ್ನು ಇಲಿ ಕಡಿದಿತ್ತಂತೆ. ಸದ್ಯಕ್ಕೆ ಡ್ರಾಯರಿನಲ್ಲಿದ್ದ ಹಳೆಯ ಜೋಡಿ ಸಿಕ್ಕಿಸಿಕೊಂಡಿದ್ದೇನೆ. ಮೀಟರು ೦.೪ ಎಂದಿತು. ವಯರಿಗೂ ತನ್ನದೇ ಆದ ರೋಧ ೦.೧ ಇರುತ್ತದೆ, ಅದನ್ನು ಕಳೆಯಬೇಕು. ೦.೩. ಸುತ್ತುವಾಗ ಅಂದುಕೊಂಡದ್ದೂ ಅಷ್ಟೇ. ಬಲಗಡೆ ಬರೆದೆ. "ತಿರುಪಿಗೆ ಕೈ ಹಾಕ್ಬೇಡ, ರಸ ಹೀರೋ ಹತ್ತಿ ಬದಲಾಯಿಸ್ಬೇಕಾದ್ರೂ ನನ್ನ ಹತ್ರಾನೇ ಬಾ" ಎಂದೆ. ಆಯ್ತು ಸಾಹೇಬ್ರೇ ಎಂದು ಸಲಾಮು ಹೊಡೆದು ಹೋದ.

ಫೆಬ್ರವರಿ ೧೩, ಭಾನುವಾರ

ನಿನ್ನೆ ನಿಲ್ದಾಣದಲ್ಲಿ ಫವ್ವಾಜನ ವೇಪು ಸಿಡಿಯಿತು. ಬಾಯಲ್ಲಿದ್ದಾಗಲೇ. ಸದ್ದು ನನಗೂ ಕೇಳಿಸಿತ್ತು, ಯಾವುದೋ ಟೈರು ಎಂದುಕೊಂಡು ಚಹಾ ಕುಡಿಯುತ್ತಾ ಕುಳಿತಿದ್ದೆ.

ಕೆಳದವಡೆ ಎರಡು ಕಡೆ ಮುರಿದಿದೆ. ಮುಂದಿನ ಹಲ್ಲುಗಳಿಲ್ಲ. ನಾಲಿಗೆ ಹರಿದಿದೆ. ಬದುಕುತ್ತಾನೆ ಎಂದರು ಡಾಕ್ಟರು.

ಇನ್ನೇನೂ ಬರೆಯಲು ಕೈ ಬರುತ್ತಿಲ್ಲ.

ಫೆಬ್ರವರಿ ೧೪, ಸೋಮವಾರ

ಪೊಲೀಸರು ಆಕಸ್ಮಿಕ ಎಂದು ಬರೆದುಕೊಂಡು ಹೋದರು. ಆದರೆ ಪೊಲೀಸರ ಕಾಗದದಿಂದ ಎರಡು ಮನೆತನಗಳ ನಡುವಿನ ಮಾತು ಮುಗಿಯುವುದಿಲ್ಲ. ಚಿಕ್ಕಪ್ಪ ಅಬೂ ರಾಜಿಹ್ ಬೆಳಿಗ್ಗೆಯೇ ಕಂದು ನಿಲುವಂಗಿ ಹೊದ್ದು ಮನೆಗೆ ಬಂದರು. ನಮ್ಮ ಮನೆತನಕ್ಕೆ ಅವರೇ ಹಿರಿಯರು. ಊರಿನ ನಾಲ್ಕು ಜನ ದೊಡ್ಡವರನ್ನು ಕರೆದುಕೊಂಡು ಫವ್ವಾಜನ ಅಪ್ಪ ಹಾಜಿ ಮುಫ್ಲಿಹರ ಮನೆಗೆ ಹೋಗಿ ಅತ್ವಾ ಕೇಳಬೇಕು. ಅಂದರೆ, ಇಷ್ಟು ದಿನ ನೀವು ನಮ್ಮ ಮೇಲೆ ಕೈ ಎತ್ತುವುದಿಲ್ಲ, ನಾವು ನಿಮ್ಮ ಕಣ್ಣಿಗೆ ಬೀಳುವುದಿಲ್ಲ ಎಂಬ ಮಾತು. ಅದರಲ್ಲಿ ಎರಡು ಬಗೆ. ತಪ್ಪು ನಮ್ಮದೇ ಎಂದು ಒಪ್ಪಿಕೊಂಡು ಕೇಳುವುದು ಒಂದು. ತಪ್ಪು ಯಾರದೆಂದು ಗೊತ್ತಾಗಲಿ, ನಮ್ಮದಾದರೆ ತಲೆ ಬಾಗಿಸುತ್ತೇವೆ ಎಂದು ಕೇಳುವುದು ಇನ್ನೊಂದು.

"ಒಪ್ಕೊಂಡೇ ಹೋಗೋಣ ಮಗಾ" ಎಂದರು ಚಿಕ್ಕಪ್ಪ. "ಒಪ್ಕೊಂಡೋನಿಗೆ ನಮ್ಮಲ್ಲಿ ಮರ್ಯಾದೆ ಜಾಸ್ತಿ. ಮುಫ್ಲಿಹ್ ದೊಡ್ಡ ಮನಸ್ಸಿನ ಮನುಷ್ಯ. ಅಲ್ಲಿಗೇ ಬಿಟ್ಟುಬಿಡ್ತಾನೆ."

"ಮಾಡದೇ ಇರೋ ತಪ್ಪನ್ನ ಯಾಕೆ ಒಪ್ಕೊಳ್ಲಿ? ಪಾಯಿಂಟ್ ಮೂರು ಓಮ್ ಇತ್ತು. ಬರೆದಿಟ್ಟಿದೀನಿ."

"ನಿನ್ನ ಓಮ್ ನನಗೆ ಅರ್ಥ ಆಗಲ್ಲ ಕಣಪ್ಪಾ. ಎದೆ ಮೇಲೆ ಕೈ ಇಟ್ಟು ಹೇಳು, ತಪ್ಪು ನಿಂದಲ್ಲ ತಾನೇ?"

ಎದೆಯ ಮೇಲೆ ಕೈಯಿಟ್ಟೆ. ಹೇಳಿದೆ. ನನಗೆ ಸಿಟ್ಟು ಬಂದಿತ್ತು. ಗೆಳೆಯ ಆಸ್ಪತ್ರೆಯಲ್ಲಿರುವಾಗ ನನ್ನ ಕೆಲಸದ ಮೇಲೆ ಬಂದ ಮಾತಿಗೆ ಸಿಟ್ಟು ಬಂದದ್ದು ಸರಿಯೋ ತಪ್ಪೋ ಗೊತ್ತಿಲ್ಲ, ಬಂದದ್ದು ನಿಜ.

ಫೆಬ್ರವರಿ ೧೬, ಬುಧವಾರ

ಹೋಗಿಬಂದರು. ನಾನು ಹೋಗುವಂತಿಲ್ಲ. ಚಿಕ್ಕಪ್ಪ ಹೇಳಿದ್ದು ಇದು: ಹಾಜಿ ಮುಫ್ಲಿಹರು ಕಾಫಿ ತರಿಸಿದರು. ಚಿಕ್ಕಪ್ಪ ಬಟ್ಟಲನ್ನು ತುಟಿಗೆ ಮುಟ್ಟಿಸದೆ ಮುಂದಿಟ್ಟುಕೊಂಡು ಕುಳಿತರು. ಕೇಳಲು ಬಂದವನು ಕೇಳಿದ್ದು ಸಿಗುವವರೆಗೆ ಕುಡಿಯುವುದಿಲ್ಲ.  ಚಿಕ್ಕಪ್ಪ ಒಂದು ತಿಂಗಳ ಅತ್ವಾ ಕೇಳಿದರು. ಹಾಜಿ "ಕೊಟ್ಟಿದೀನಿ. ನಿಮ್ಮ ಕಾಫಿ ಕುಡೀರಿ" ಎಂದರಂತೆ.

ಆಮೇಲೆ ಒಳಗಿನಿಂದ ಸಿಡಿದ ವೇಪನ್ನಿಟ್ಟ ಒಂದು ಬಿಸ್ಕೆಟ್ ಡಬ್ಬಿ ತರಿಸಿ ಚಿಕ್ಕಪ್ಪನ ಕೈಗೆ ಕೊಟ್ಟಿದ್ದಾರೆ. "ನಮ್ಮ ಮನೇಲಿ ಇಂಜಿನಿಯರ್ ಯಾರೂ ಇಲ್ಲ. ಇದನ್ನ ಹಿಕ್ಮತ್‌ಗಿಂತ ಚೆನ್ನಾಗಿ ಬಲ್ಲೋರು ಈ ಊರಲ್ಲೇ ಇಲ್ಲ. ಅವನೇ ನೋಡ್ಲಿ. ತಿಂಗಳಾದ್ಮೇಲೆ ಬಂದು ದೇವರ ಮೇಲೆ ಆಣೆ ಇಟ್ಟು ಹೇಳ್ಲಿ. ಅವನು ಹೇಳಿದ್ದೇ ನಮಗೆ ಪ್ರಮಾಣ" ಎಂದರಂತೆ.

ಡಬ್ಬಿ ಈಗ ನನ್ನ ಮೇಜಿನ ಮೇಲಿದೆ. ತೆರೆದಿಲ್ಲ. ಬೇರೆ ಊರಿನವರು ಕೇಳಿದರೆ ನಕ್ಕಾರು, ಆರೋಪ ಹೊತ್ತವನ ಕೈಗೇ ಸಾಕ್ಷಿ ಕೊಟ್ಟಿದ್ದಾರೆ ಎಂದು. ಇಲ್ಲಿ ಹಾಗೆಯೇ. ಆಣೆ ಇಡುವವನು ನೋಡದೆ ಇಡಬಾರದು.

ಫೆಬ್ರವರಿ ೧೯, ಶನಿವಾರ

ಮೂರು ದಿನ ಡಬ್ಬಿಯನ್ನೇ ನೋಡುತ್ತಾ ಕುಳಿತೆ, ಇವತ್ತು ತೆರೆದೆ. ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು, ಹೀಟರನ್ನು ಕಾಲ ಹತ್ತಿರ ಇಟ್ಟುಕೊಂಡು ಕುಳಿತೆ. ಕೊಳವೆ ಹೂವಿನ ಹಾಗೆ ಅರಳಿಹೋಗಿದೆ. ಅದರ ಮೇಲೆ ಕಾಯಿಲು ಕೂರುವ ಅಟೊಮೈಸರು ಮಾತ್ರ ಇಡಿಯಾಗಿ ಉಳಿದಿದೆ, ಮುಚ್ಚಳ ಇಲ್ಲ ಅಷ್ಟೆ. ಅಂಚಿನಲ್ಲಿ ರಕ್ತ ಒಣಗಿತ್ತು. ಸ್ಪಿರಿಟ್ಟಿನಲ್ಲಿ ಒರೆಸಿದೆ. ಒರೆಸುವಾಗ ಅತ್ತೆ, ಅದನ್ನೂ ಬರೆದಿಡುತ್ತೇನೆ.

ಆಮೇಲೆ ಕೆಲಸಕ್ಕೆ ಕುಳಿತೆ. ರೋಧ ತಪ್ಪುವುದಕ್ಕೆ ಇರುವ ಕಾರಣಗಳು ಬೆರಳೆಣಿಕೆಯವು, ಒಂದೊಂದಾಗಿ ನೋಡಿದೆ. ಕಾಯಿಲಿನ ಕಾಲು ಉದ್ದವಾಗಿ ಗೋಡೆಗೆ ತಾಗಿತ್ತೇ? ಇಲ್ಲ, ನಾನು ಕತ್ತರಿಸಿದ ಹಾಗೆಯೇ ಇದೆ. ನಡುವಿನ ಕಂಬದ ಕೆಳಗಿನ ಬಿಳಿ ಉಂಗುರ ಕರಗಿ ಎರಡು ಧ್ರುವ ಕೂಡಿಕೊಂಡವೇ? ಉಂಗುರ ಹಳದಿಯಾಗಿದೆ, ಕರಗಿಲ್ಲ. ತಿರುಪು ಸಡಿಲವಿದ್ದರೆ ಅಂಕೆ ಕುಣಿಯುತ್ತದೆ. ಕಾಯಿಲನ್ನು ಕಡ್ಡಿಯಿಂದ ಅಲುಗಿಸುತ್ತಾ ಅಳೆದೆ, ಕುಣಿಯಲಿಲ್ಲ. ಒಂದು ತಿರುಪಿನ ತಲೆ ಮಾತ್ರ ಕೆತ್ತಿಹೋಗಿದೆ, ಚಾಕುವಿನ ತುದಿ ಹಾಕಿ ತಿರುಗಿಸಿದ ಗುರುತು. ಅದು ನನ್ನ ಕೈ ಅಲ್ಲ. ಕತ್ತೆ ನನ್ಮಗ, ಕೈ ಹಾಕಬೇಡ ಎಂದಿದ್ದೆ.

ಕೊನೆಗೆ ಅಂಕೆ. ೦.೪. ವಯರಿನದು ಕಳೆದರೆ ೦.೩.

ಮೂರು ಸಲ ಅಳೆದೆ. ಮೂರು ಸಲವೂ ೦.೩. ಖಚಿತ! ಎದ್ದು ನಿಂತು ಖಾಲಿ ಅಂಗಡಿಯಲ್ಲಿ ಜೋರಾಗಿ ನಕ್ಕುಬಿಟ್ಟೆ. ಬ್ಯಾಟರಿಯೇ ಕೆಟ್ಟದ್ದಿರಬೇಕು, ಇಲ್ಲ ಅವನು ಎಲ್ಲೋ ಬೀಳಿಸಿ ಹೊದಿಕೆ ಹರಿದಿರಬೇಕು. ನಾನಲ್ಲ. ದೇವರ ಮೇಲೆ ಆಣೆಯಿಡಲು ತಿಂಗಳು ಕಾಯುವುದೂ ಬೇಡ, ಈಗಲೇ ಇಡುತ್ತೇನೆ. ಮನೆಗೆ ಹೋಗುವಾಗ ಮೈಸೂನಳಿಗೆ ಕುನಾಫಾ ಸಿಹಿ ಕಟ್ಟಿಸಿಕೊಂಡೆ. ಅವಳು ಪೊಟ್ಟಣ ನೋಡಿ, "ಇವತ್ತೇನು ಹಬ್ಬ?" ಎಂದಳು. ನಾಚಿಕೆಯಾಯಿತು.

ಫೆಬ್ರವರಿ ೨೨, ಮಂಗಳವಾರ

ಮೈಸೂನಳೂ ಫವ್ವಾಜನ ಹೆಂಡತಿ ಖಿತಾಮಳೂ ಕದ್ದು ಫೋನು ಮಾಡಿಕೊಳ್ಳುತ್ತಾರೆ. ಗಂಡಸರ ಅತ್ವಾ ಹೆಂಗಸರ ಫೋನಿಗೆ ಹತ್ತುವುದಿಲ್ಲವಂತೆ. ಫವ್ವಾಜನನ್ನು ಮನೆಗೆ ಕರೆತಂದಿದ್ದಾರೆ. ದವಡೆಗೆ ತಂತಿ ಬಿಗಿದಿದ್ದಾರೆ, ಬೇಳೆಕಟ್ಟು ನಳಿಗೆಯಲ್ಲಿ ಕುಡಿಯುತ್ತಾನೆ. ನಾಲಿಗೆ ಕೂಡಿಕೊಂಡಿದೆ, ಆದರೆ ಮೊದಲಿನ ಹಾಗೆ ಮಾತು ಬರುವುದು ಕಷ್ಟ ಎಂದಿದ್ದಾರೆ. ಕೊರಳಿಗೆ ಒಂದು ಪುಟ್ಟ ಪುಸ್ತಕ ನೇತುಹಾಕಿಕೊಂಡು ಬರೆದು ತೋರಿಸುತ್ತಾನೆ.

ಅವನ ಬಸ್ಸನ್ನು ಈಗ ಅವನ ಭಾವಮೈದ ಓಡಿಸುತ್ತಾನೆ. ಅವನು ಕೂಗುವುದಿಲ್ಲ. ಜನ ಬಂದು ಕೇಳಿ ಹತ್ತುತ್ತಾರೆ. ನಿಲ್ದಾಣ ಇಷ್ಟು ಸುಮ್ಮನಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಫೆಬ್ರವರಿ ೨೪, ಗುರುವಾರ

ಬರೆಯಬೇಕು. ಎಲ್ಲವನ್ನೂ, ನಡೆದ ಹಾಗೆಯೇ.

ಹನ್ನೊಂದು ಗಂಟೆಗೆ ಲುಬ್ನಾ ಟೀಚರು ಬಂದರು. ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಮಿಸ್ಟ್ರಿ ಕಲಿಸುತ್ತಾರೆ, ವೇಪು ಎಳೆಯುವುದು ಅವರ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಅವರದು ಚಿಪ್ಪಿರುವ ಯಂತ್ರ, ಅದೇ ತನ್ನ ಪರದೆಯ ಮೇಲೆ ರೋಧ ತೋರಿಸುತ್ತದೆ. ಬಂದವರೇ ಅದನ್ನು ನನ್ನ ಮೂಗಿಗೆ ಹಿಡಿದರು.

"ನಿಮ್ಮ ಪುಸ್ತಕದಲ್ಲಿ ಪಾಯಿಂಟ್ ಐದು ಅಂತ ಬರ್ದಿದೀರಿ. ಇಲ್ನೋಡಿ, ಪಾಯಿಂಟ್ ಮೂರು. ಯಾರದು ಸುಳ್ಳು?"

"ಯಂತ್ರದ್ದು. ಈ ಚಿಪ್ಪುಗಳನ್ನ ನಂಬಬಾರ್ದು ಮೇಡಂ."

"ಇನ್ನೊಂದು ಯಂತ್ರದಲ್ಲೂ ಹಾಕಿ ನೋಡ್ದೆ. ಅಲ್ಲೂ ಮೂರೇ. ಎಲ್ಲಿ, ನಿಮ್ಮ ಮೀಟರು ತೆಗೀರಿ. ವಯರಿನ ತುದಿಯ ಎರಡು ಕಡ್ಡೀನೂ ಒಂದಕ್ಕೊಂದು ತಾಗಿಸಿ."

"ಅದು ಪಾಯಿಂಟ್ ಒಂದು ಮೇಡಂ. ಅದನ್ನ ಕಳೆದೇ ಬರೀತೀನಿ."

"ತಾಗಿಸ್ರೀ ಅಂದೆ. ನನ್ನ ಒಂಬತ್ತನೇ ಕ್ಲಾಸಿನ ಹುಡುಗೀರೂ ತಕ್ಕಡಿ ಮುಟ್ಟೋಕೆ ಮುಂಚೆ ಸೊನ್ನೆ ನೋಡ್ತಾರೆ."

ತಾಗಿಸಿದೆ. ೦.೩.

ಟೀಚರು ನಕ್ಕರು. "ಪಾಯಿಂಟ್ ಒಂದು ಅಂದ್ರಲ್ಲ! ವಯರು ಸವೆದು ಹೋಗಿದೆ, ಬಿಸಾಕಿ ಇದನ್ನ." ಅವರಿಗೆ ಕೆಮಿಸ್ಟ್ರಿ ಗೊತ್ತು, ಫವ್ವಾಜ್ ಗೊತ್ತಿಲ್ಲ. ಅವರ ಕಾಯಿಲನ್ನು ಬೇರೆ ಸುತ್ತಿಕೊಟ್ಟು ಕಳಿಸಿದೆ.  ಬಾಗಿಲು ಎಳೆದುಕೊಂಡೆ.

೦.೧ ಇದ್ದದ್ದು ನನ್ನ ಒಳ್ಳೆಯ ಜೋಡಿಯದು. ಆ ಜೋಡಿ ಫವ್ವಾಜನ ಬಸ್ಸಿನಲ್ಲಿದೆ. ಡ್ರಾಯರಿನ ಹಳೆಯ ಜೋಡಿ ಸಿಕ್ಕಿಸಿಕೊಂಡ ದಿನ ಸೊನ್ನೆ ನೋಡಲಿಲ್ಲ. ಆರು ವರ್ಷದಿಂದ ೦.೧ ಕಳೆದು ಕಳೆದು ಅಭ್ಯಾಸವಾಗಿತ್ತು, ಕೈ ತನ್ನಷ್ಟಕ್ಕೆ ಕಳೆಯಿತು.

ಡಬ್ಬಿ ತೆರೆದು ಮತ್ತೆ ಅಳೆದೆ. ೦.೪ರಲ್ಲಿ ೦.೩ ಕಳೆದರೆ ೦.೧.

ಹೊಸ ಉರುಳೆಯ ತಂತಿಯ ದಪ್ಪವನ್ನೂ ಅಳೆದೆ. ಚೀಟಿಯಲ್ಲಿ ಬರೆದದ್ದಕ್ಕಿಂತ ನಾಲ್ಕು ಗೇಜು ದಪ್ಪ. ತಂತಿ ದಪ್ಪವಾದಷ್ಟೂ ರೋಧ ಕಡಿಮೆ. ಬೆರಳು ಹೇಳಿತ್ತು. ಮೀಟರು ಸರಿ ಎಂದಿತು, ನಾನು ಬೆರಳನ್ನು ಬಿಟ್ಟು ಮೀಟರನ್ನು ನಂಬಿದೆ. ತಂತಿಯ ತಪ್ಪನ್ನು ವಯರಿನ ತಪ್ಪು ಸರಿಯಾಗಿ ಮುಚ್ಚಿಬಿಟ್ಟಿತ್ತು. ಬ್ಯಾಟರಿ ತಾಳುವ ಕರೆಂಟಿನ ಎರಡರಷ್ಟನ್ನು ಎರಡು ದಿನ ಅದರಿಂದ ಎಳೆದಿದ್ದಾನೆ ಪಾಪ, ಸಿಗರೇಟು ಬಿಡಲಿಕ್ಕೆಂದು.

ಫವ್ವಾಜನ ಬಾಯಿ ಒಡೆದವನು ನಾನು.

ಫೆಬ್ರವರಿ ೨೫, ಶುಕ್ರವಾರ

ಜುಮ್ಮಾ. ಅಂಗಡಿ ಮುಚ್ಚಿತ್ತು. ಮೈಸೂನ್ ಮಾಂಸದನ್ನದ ಮಕ್ಲೂಬಾ ಮಾಡಿದ್ದಳು. ತಿಂದೆ.

ಫೆಬ್ರವರಿ ೨೬, ಶನಿವಾರ

ಸವೆದ ಜೋಡಿಯನ್ನು ತುಂಡು ತುಂಡು ಮಾಡಿ ಬಿಸಾಡಿದೆ, ಹೊಸದು ತಂದೆ. ಸೊನ್ನೆ ನೋಡಿದೆ. ಫವ್ವಾಜನದು ಬಿಟ್ಟು ಆ ದಿನಗಳಲ್ಲಿ ನಾನು ಸುತ್ತಿಕೊಟ್ಟ ಕಾಯಿಲು ಹನ್ನೊಂದು. ಒಂಬತ್ತು ಜನರ ಯಂತ್ರಗಳಲ್ಲಿ ಚಿಪ್ಪಿದೆ, ತಪ್ಪಾದರೆ ಅದೇ ನಿಲ್ಲಿಸುತ್ತದೆ. ಬರೀ ಕೊಳವೆಯವರು ಇಬ್ಬರು. ಇಬ್ಬರಿಗೂ ಫೋನು ಮಾಡಿ, ಹತ್ತಿ ಬದಲಾಯಿಸಿಕೊಡುತ್ತೇನೆ, ಪುಕ್ಕಟೆ, ಇವತ್ತೇ ಬನ್ನಿ ಎಂದೆ. ಬಂದರು. ಬೇರೆ ಕಾಯಿಲು ಹಾಕಿಕೊಟ್ಟೆ. ಒಬ್ಬ ನನ್ನ ಭುಜ ತಟ್ಟಿ, "ಇಂಥ ಅಂಗಡಿ ಊರಲ್ಲಿ ಇನ್ನೊಂದಿಲ್ಲ ಅಬೂ ತಾಲಾ" ಎಂದ.

ನಾಳೆ ಚಿಕ್ಕಪ್ಪನಿಗೆ ಹೇಳುತ್ತೇನೆ. ಹೇಳಲೇಬೇಕು. ಎರಡು ವಾರದ ಹಿಂದೆ ಒಪ್ಪಿಕೊಂಡಿದ್ದರೆ ಅದು ಒಪ್ಪಿಗೆ ಆಗುತ್ತಿತ್ತು. ಈಗ ಎದೆ ಮೇಲೆ ಕೈಯಿಟ್ಟು ಇಲ್ಲ ಎಂದಾದ ಮೇಲೆ. ಆದರೂ ಹೇಳುತ್ತೇನೆ.

ಫೆಬ್ರವರಿ ೨೭, ಭಾನುವಾರ

ಹೇಳಲೆಂದೇ ಹೋದೆ. ಬಾಗಿಲಲ್ಲೇ ಚಿಕ್ಕಪ್ಪ ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟರು.

"ದೇವರು ದೊಡ್ಡೋನು ಮಗಾ! ಫವ್ವಾಜ್ ಬರ್ದುಕೊಟ್ಟಿದಾನೆ. ಮುಫ್ಲಿಹ್ ತಾನೇ ಕಳಿಸಿದಾನೆ ನೋಡು."

ಪುಟ್ಟ ಪುಸ್ತಕದಿಂದ ಹರಿದ ಹಾಳೆ. ಫವ್ವಾಜನದೇ ಕೋಳಿಕಾಲಿನ ಅಕ್ಷರ, ಶಾಲೆಯಲ್ಲೂ ಹೀಗೆಯೇ ಬರೆಯುತ್ತಿದ್ದ. "ಹೊಗೆ ಕಡಿಮೆ ಬರ್ತಿದೆ ಅಂತ ನಾನೇ ಚಾಕು ಹಾಕಿ ತಿರುಪು ಬಿಗಿ ಮಾಡಿದೆ. ಕೈ ಹಾಕ್ಬೇಡ ಅಂತ ಹಿಕ್ಮತ್ ಹೇಳಿದ್ದ. ಅವನ ತಪ್ಪಿಲ್ಲ. ಅವನನ್ನ ಯಾರೂ ಏನೂ ಅನ್ಬೇಡಿ."

"ಯಾಕಪ್ಪಾ, ಬಾಯೇ ಬಿಡ್ತಿಲ್ಲ? ಖುಷಿ ಆಗ್ಲಿಲ್ವಾ?" ಎಂದರು ಚಿಕ್ಕಪ್ಪ.

"ಆಯ್ತು."

"ಏನೋ ಹೇಳೋಕೆ ಬಂದಿದ್ದೆ?"

"ಏನಿಲ್ಲ. ಹಾಗೇ ನೋಡ್ಕೊಂಡು ಹೋಗೋಣ ಅಂತ."

ಮಾರ್ಚ್ ೫, ಶನಿವಾರ

ಒಂದು ವಾರ ಏನೂ ಬರೆಯಲಿಲ್ಲ. ಕೆಲಸ ಜಾಸ್ತಿ ಇತ್ತು.

ಯೋಚನೆ ಮಾಡಿದೆ. ಅವನು ತಿರುಪಿಗೆ ಕೈ ಹಾಕಿದ್ದೂ ನಿಜ ತಾನೇ. ತಿರುಪು ಬಿಗಿಯಾದರೆ ರೋಧ ಒಂದಿಷ್ಟು ಕಡಿಮೆಯಾಗುತ್ತದೆ. ಎಷ್ಟು ಎಂದು ಯಾರು ಹೇಳಬಲ್ಲರು? ನಾನು ಕೊಟ್ಟಾಗ ಎಷ್ಟಿತ್ತೋ ಈಗ ಅಷ್ಟೇ ಇರಬೇಕೆಂದೇನೂ ಇಲ್ಲ. ಸಿಡಿದ ಮೇಲೆ ಅಳೆದ ಅಂಕೆಯನ್ನು ನೆಚ್ಚುವುದು ಹೇಗೆ? ಅದಲ್ಲದೆ ಬ್ಯಾಟರಿಯೂ ಹಳೆಯದು.

ಮಧ್ಯಾಹ್ನ ಊಟಕ್ಕೆ ಕುಳಿತಾಗ ಮೈಸೂನ್ ನನ್ನ ಮುಖವನ್ನೇ ನೋಡುತ್ತಿದ್ದಳು.

"ರೀ, ಅವರೇ ಬಿಟ್ಟುಕೊಟ್ಟ ಮೇಲೂ ಯಾಕ್ರೀ ಹೀಗಿದೀರಾ? ನನ್ನ ಹತ್ರ ಏನಾದ್ರೂ ಮುಚ್ಚಿಡ್ತಿದೀರಾ?"

"ಬರ್ದು ಬೈಯಿ ಅಂದೋಳು ನೀನೇ ಅಲ್ವೇನೇ. ಬರೀತಾ ಇದೀನಿ."

"ನಾನು ಕೇಳಿದ್ದು ಅದಲ್ಲ."

"ಉಪ್ಪು ಕೊಡು" ಎಂದೆ. ಕೊಟ್ಟಳು.

ಅವಳಿಗೆ ಹೇಳಿ ಏನು ಪ್ರಯೋಜನ. ಅವಳು ಖಿತಾಮಳಿಗೆ ಹೇಳದೆ ಬಿಡುವುದಿಲ್ಲ. ಹಾಜಿ ಮುಫ್ಲಿಹರಿಗೆ ಎಪ್ಪತ್ತೆಂಟು. ಶಾಂತವಾದ ಮನೆಯನ್ನು ಮತ್ತೆ ಕಲಕುವುದು ಯಾರಿಗೆ ಒಳ್ಳೆಯದು? ಫವ್ವಾಜನ ಹಲ್ಲು ಅದರಿಂದ ಬರುವುದಿಲ್ಲ.

ಮಾರ್ಚ್ ೧೧, ಶುಕ್ರವಾರ

ಮುಗಿಯಿತು.

ತಿಂಗಳು ತುಂಬುವ ಮೊದಲೇ ಹಾಜಿ ಕರೆಸಿದರು, ಈ ಸಲ ನಾನೂ ಹೋಗಿದ್ದೆ. ಜುಮ್ಮಾ ಮುಗಿಸಿ ಇಪ್ಪತ್ತೈದು ಜನ ಹೊರಟೆವು. ಹಾಜಿ ಮುಫ್ಲಿಹರು ಕೋಲೂರಿಕೊಂಡು ಅಂಗಳದವರೆಗೆ ಬಂದು ಎಲ್ಲರ ಕೈ ಹಿಡಿದರು. ಫವ್ವಾಜ್ ದೊಡ್ಡ ಕೋಣೆಯ ಮೂಲೆಯಲ್ಲಿ ಕೆಂಪು ಚೌಕುಳಿ ವಸ್ತ್ರವನ್ನು ಮೂಗಿನವರೆಗೆ ಸುತ್ತಿಕೊಂಡು ಕುಳಿತಿದ್ದ. ತುಂಬಾ ಇಳಿದುಹೋಗಿದ್ದಾನೆ. ನನ್ನನ್ನು ಕಂಡು ಹುಬ್ಬು ಕುಣಿಸಿದ, ಕ್ಲಾಸಿನಲ್ಲಿ ಮೇಷ್ಟ್ರ ಬೆನ್ನ ಹಿಂದೆ ಕುಣಿಸುತ್ತಿದ್ದ ಹಾಗೆಯೇ.

ಕಾಫಿ ಬಂತು. ಬಟ್ಟಲನ್ನು ಎಲ್ಲರೂ ಮುಂದಿಟ್ಟುಕೊಂಡರು, ನಾನೂ. ಆಣೆ ಆಗುವವರೆಗೆ ಯಾರೂ ಕುಡಿಯುವಂತಿಲ್ಲ.

"ಆಣೆ ಬೇಡ ಅಂತಾನೆ ನನ್ನ ಮಗ" ಎಂದರು ಹಾಜಿ. "ಆದರೆ ನಾಳೆ ನಮ್ಮ ಮನೆತನದ ಹುಡುಗರು ಯಾರೂ ಒಂದು ಮಾತು ಎತ್ತಬಾರದು. ಅದಕ್ಕೇ ಹಿಕ್ಮತ್, ಒಂದೇ ಒಂದು ಮಾತು ಹೇಳಿಬಿಡು. ನಾನು ಹೆಚ್ಚು ಕೇಳಲ್ಲ."

ಎದ್ದು ನಿಂತೆ. ಏನು ಹೇಳಬೇಕೆಂದು ವಾರದಿಂದ ಅಳೆದು ತೂಗಿ ಇಟ್ಟುಕೊಂಡಿದ್ದೆ. ದೇವರ ಹೆಸರಿನಲ್ಲಿ ಸುಳ್ಳಾಡುವವನು ನಾನಲ್ಲ.

"ದೇವರಾಣೆ, ಆ ಕಾಯಿಲನ್ನ ಅಳೆಯದೆ ನಾನು ಫವ್ವಾಜನ ಕೈಗೆ ಕೊಟ್ಟಿಲ್ಲ. ಅಳೆದೆ. ಬಂದ ಅಂಕೆ ಸರಿ ಅನ್ನಿಸಿದ ಮೇಲೇನೇ ಕೊಟ್ಟೆ."

ಪ್ರತಿ ಮಾತೂ ನಿಜ.

"ನಮಗೆ ಇಷ್ಟು ಸಾಕು. ನಿಮ್ಮ ಕಾಫಿ ಕುಡೀರಿ" ಎಂದರು ಹಾಜಿ. ಇಪ್ಪತ್ತೈದು ಬಟ್ಟಲು ಒಟ್ಟಿಗೆ ಮೇಲೆದ್ದವು. ಕಾಫಿ ಆರಿತ್ತು. ನಾನು ಒಂದೇ ಗುಟುಕಿಗೆ ಕುಡಿದೆ. ನಮ್ಮಲ್ಲಿ ಇನ್ನು ಸಾಕು ಎನ್ನಲು ಬಟ್ಟಲನ್ನು ಅಲುಗಿಸಿ ಹಿಂದಿರುಗಿಸಬೇಕು. ಅಲುಗಿಸಲು ಮರೆತೆ. ಇನ್ನೊಂದು ಸುರಿದರು, ಅದನ್ನೂ ಕುಡಿದೆ. ಮತ್ತೊಂದು. ಚಿಕ್ಕಪ್ಪ ಮೊಣಕೈಯಲ್ಲಿ ತಿವಿದ ಮೇಲೆ ಅಲುಗಿಸಿದೆ. ಫವ್ವಾಜ್ ಮೂಲೆಯಲ್ಲಿ ಭುಜ ಕುಣಿಸುತ್ತಿದ್ದ. ನಗುತ್ತಿದ್ದ ಎಂದು ಆಮೇಲೆ ತಿಳಿಯಿತು. ತಂತಿ ಬಿಗಿದ ಬಾಯಿಂದ ನಗು ಸದ್ದಾಗಿ ಬರುವುದಿಲ್ಲ.

ಮಾರ್ಚ್ ೧೯, ಶನಿವಾರ

ವ್ಯಾಪಾರ ಚೆನ್ನಾಗಿದೆ. ಆಣೆಯ ಸುದ್ದಿ ಊರೆಲ್ಲ ಹಬ್ಬಿದೆ. ಎದುರಿನ ಅಂಗಡಿಯ ಗಿರಾಕಿಗಳೂ ಇಲ್ಲಿಗೇ ಬರುತ್ತಿದ್ದಾರೆ. ಆಣೆಯಿಟ್ಟು ಅಳೆಯುವವನು ಎಂದು ನನ್ನ ಹೆಸರಾಗಿದೆಯಂತೆ. ಮೋಡದ ಹುಡುಗ ಮತ್ತೆ ಬಂದ. ಅವನಿಗೆ ಬೇಕಾದದ್ದು ಸುಮಾರು ೦.೨, ಅದಕ್ಕಿಂತ ಚೂರು ಹೆಚ್ಚು ಕಡಿಮೆ ಸುತ್ತಿಕೊಟ್ಟೆ. ಅವನದು ಚಿಪ್ಪಿರುವುದು, ಏನೂ ಆಗುವುದಿಲ್ಲ. ನಿಂತ ಹತ್ತು ಜನರಿಗೂ ಗುಲಗಂಜಿ ತೂಗಿದ ಹಾಗೆ ತೂಗುತ್ತಾ ಕುಳಿತರೆ ಮುಗಿಯುವುದಿಲ್ಲ.

ಬಿಸ್ಕೆಟ್ ಡಬ್ಬಿಯನ್ನು ಕಸದವನಿಗೆ ಕೊಟ್ಟೆ.

ಮಾರ್ಚ್ ೨೯, ಮಂಗಳವಾರ

ಶನಿವಾರದಿಂದ ರಂಜಾನ್ ಎನ್ನುತ್ತಿದ್ದಾರೆ. ಬೆಳಿಗ್ಗೆ ಅಂಗಡಿಯ ಮುಂದೆ ದೀಪದ ಸರ ಕಟ್ಟುತ್ತಿದ್ದೆ. ಹಿಂದಿನಿಂದ ಯಾರೋ ಏಣಿಯನ್ನು ಅಲ್ಲಾಡಿಸಿದರು. ಇಂಥ ಕೆಲಸ ಮಾಡುವವನು ಈ ಊರಿನಲ್ಲಿ ಒಬ್ಬನೇ. ಬಗ್ಗಿ ನೋಡಿದರೆ ಅವನೇ.

ಒಳಗೆ ಕೂರಿಸಿದೆ. ಚಹಾ ಕೊಡಲು ಹೋಗಿ ತಡೆದೆ, ಬಿಸಿ ಕುಡಿಯುವಂತಿಲ್ಲ. ವಸ್ತ್ರ ಸರಿಸಿ ತೋರಿಸಿದ. ಕೆಳತುಟಿ ಒಂದು ಕಡೆ ಮಡಚಿಕೊಂಡಿದೆ. "ಹಿಕ್" ಎಂದ. ನನ್ನ ಹೆಸರು ಅಲ್ಲಿಗೇ ನಿಂತಿತು. ತಾನೇ ಕೈಯಾಡಿಸಿ ಬಿಟ್ಟುಬಿಟ್ಟ. ಜೇಬಿನಿಂದ ಸಿಗರೇಟು ತೆಗೆದು, ಹಲ್ಲಿಲ್ಲದ ಜಾಗದಲ್ಲಿ ಸಿಕ್ಕಿಸಿಕೊಂಡು ಹಚ್ಚಿದ. ನಾನು ಬೈಯಲಿಲ್ಲ. ಅವನು ಬೈಗುಳಕ್ಕೆ ಕಾಯುತ್ತಿದ್ದ ಹಾಗಿತ್ತು.

ಆಮೇಲೆ ಕೋಟಿನ ಒಳಜೇಬಿನಿಂದ ಪತ್ರಿಕೆಯಲ್ಲಿ ಸುತ್ತಿದ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟ. ಬಿಚ್ಚಿದೆ. ನನ್ನ ಮೀಟರಿನ ಕೆಂಪು-ಕಪ್ಪು ವಯರು. ಮಡಿಸಿ, ರಬ್ಬರು ಹಾಕಿ, ತುದಿಗಳನ್ನು ಉಜ್ಜಿ ಫಳಫಳ ಮಾಡಿ ತಂದಿದ್ದ.

ಕೊರಳ ಪುಸ್ತಕ ಎತ್ತಿ ಬರೆಯತೊಡಗಿದ. ನಿಧಾನಕ್ಕೆ ಬರೆಯುತ್ತಾನೆ. ಬರೆದು ನನ್ನ ಕಡೆ ತಿರುಗಿಸಿದ. "ಬಸ್ಸಿನ ಡಬ್ಬೀಲಿ ಉಳ್ಕೊಂಡಿತ್ತು. ನಾಳೆ ನಾಳೆ ಅಂದು ಇಷ್ಟು ದಿನ ಮಾಡ್ದೆ. ಇದಿಲ್ದೆ ನಿನ್ನ ಕೆಲಸಕ್ಕೆ ತೊಂದ್ರೆ ಆಯ್ತೇನೋ?"

"ಏನೂ ಆಗ್ಲಿಲ್ಲ ಕಣೋ. ಬೇರೆ ಇತ್ತು."

ತಲೆಯಾಡಿಸಿದ. ಅವನಿಗೆ ಸಮಾಧಾನವಾಗಲಿಲ್ಲ. ಪುಸ್ತಕ ಹಿಂದೆ ತೆಗೆದುಕೊಂಡು ಕೆಳಗೆ ಇನ್ನೊಂದು ಮಾತು ಸೇರಿಸಿದ. "ಆದ್ರೂ ಕ್ಷಮಿಸ್ಬಿಡು."

ನನ್ನ ಮುಖ ನೋಡುತ್ತಾ ಉತ್ತರಕ್ಕೆ ಕಾದ. ಹೊರಗೆ ಅಜ್ಲೂನ್ ಬಸ್ಸು ಕೂಗಿಲ್ಲದೆ ತುಂಬುತ್ತಿತ್ತು.

ಕ್ಷಮಿಸಿದೆ ಎಂದು ತಲೆಯಾಡಿಸಿದೆ.